ನಲವತ್ತೆಂಟನೇ ಒಂದು ಪಾಲಿನ ಹಡಗು

1812ರ ಡಿಸೆಂಬರ್ 29ರಂದು ಬ್ರೆಜಿಲ್ ಕರಾವಳಿಯಾಚೆ ಅಮೆರಿಕದ ‘ಕಾನ್‌ಸ್ಟಿಟ್ಯೂಷನ್’ ಮತ್ತು ಬ್ರಿಟನ್ನಿನ ‘ಜಾವಾ’ ಎಂಬ ಎರಡು ಯುದ್ಧನೌಕೆಗಳು ಎದುರುಬದುರಾದವು. ಕೆಲವು ಗಂಟೆಗಳ ಕಾಳಗ ಮುಗಿಯುವ ಹೊತ್ತಿಗೆ ಜಾವಾದ ಕೂವೆಮರಗಳೆಲ್ಲ ಮುರಿದು ಬಿದ್ದಿದ್ದವು. ಎಳೆದುಕೊಂಡು ಹೋಗಲೂ ಬಾರದಷ್ಟು ಜಖಂ ಆಗಿದ್ದ ಹಡಗಿಗೆ ಅಮೆರಿಕನ್ನರು ಬೆಂಕಿ ಇಟ್ಟರು. ಜಾವಾ ಹೊರಟಿದ್ದದ್ದು ಇಂಡಿಯಾದ ಕಡೆಗೆ. ಅದರ ಒಡಲಲ್ಲಿ ಮುಂಬೈಯಲ್ಲಿ ಕಟ್ಟುತ್ತಿದ್ದ ಹಡಗುಗಳಿಗೆಂದು ತಾಮ್ರದ ತಗಡುಗಳಿದ್ದವು. ಜೊತೆಗೆ ಅಲ್ಲಿ ಇನ್ನು ಮೇಲೆ ಕಟ್ಟಬೇಕಿದ್ದ ಒಂದು ಫ್ರಿಗೇಟಿನ ನಕ್ಷೆಗಳೂ ಇದ್ದವು. ಎಲ್ಲವೂ ಹೋದವು.

ಲಂಡನ್ನಿನಿಂದ ನಕ್ಷೆಯ ಇನ್ನೊಂದು ಪ್ರತಿ ಮುಂಬೈ ತಲುಪಬೇಕಾಯಿತು. ಫ್ರಿಗೇಟಿನ ಕೀಲ್, ಅಂದರೆ ಇಡೀ ಹಡಗನ್ನು ಹೊರುವ ಅಡಿಮರ, ಇಟ್ಟದ್ದು 1816ರಲ್ಲಿ. ಪಾರ್ಸಿ ಪದ್ಧತಿಯಂತೆ ಆ ಕೀಲಿಗೆ ಒಂದು ಬೆಳ್ಳಿಯ ಮೊಳೆ ಹೊಡೆದು ಕೆಲಸ ಶುರು ಮಾಡಿದವರು ಮುಖ್ಯ ಶಿಲ್ಪಿ ಜಮ್ಷೆಟ್‌ಜಿ ಬೊಮಾನ್‌ಜಿ ವಾಡಿಯಾ. 1817ರ ಅಕ್ಟೋಬರ್ 12ರಂದು ಹಡಗು ನೀರಿಗಿಳಿಯಿತು. ಹೆಸರು ‘ಟ್ರಿಂಕೊಮಲಿ’. ಮರ ಮಲಬಾರಿನ ತೇಗ. ಇವತ್ತು ಅದು ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ತೇಲುತ್ತಿದೆ. ಈಗಲೂ ನೀರಿನ ಮೇಲಿರುವ ಬ್ರಿಟನ್ನಿನ ಯುದ್ಧನೌಕೆಗಳಲ್ಲಿ ಅತ್ಯಂತ ಹಳೆಯದು ಇದೇ. ನಕ್ಷೆ ಸುಟ್ಟ ಕಾನ್‌ಸ್ಟಿಟ್ಯೂಷನ್ ಕೂಡ ಬಾಸ್ಟನ್ನಿನಲ್ಲಿ ತೇಲುತ್ತಲೇ ಇದೆ.

ಹಳೆಯ ಹಾಯಿಹಡಗುಗಳ ಮರದ ಮಾದರಿ ಮಾಡುವವರಿಗೆ ಈ ಕಥೆ ಬರಿಯ ಇತಿಹಾಸವಲ್ಲ, ದಿನದ ಕೆಲಸಕ್ಕೆ ಸಂಬಂಧಪಟ್ಟದ್ದು. ಯಾಕೆಂದರೆ ಮಾದರಿಯೂ ಹಡಗಿನ ಹಾಗೆಯೇ ನಕ್ಷೆಯಿಂದ ಹುಟ್ಟುತ್ತದೆ. ಟ್ರಿಂಕೊಮಲಿ ‘ಲೀಡಾ’ ವರ್ಗದ ಫ್ರಿಗೇಟ್. 1782ರಲ್ಲಿ ಬ್ರಿಟಿಷರು ‘ಎಬೆ’ ಎಂಬ ಫ್ರೆಂಚ್ ಹಡಗನ್ನು ಸೆರೆಹಿಡಿದು, ಅದರ ಮೈಯ ಓರೆಕೋರೆಗಳನ್ನೆಲ್ಲ ಅಳೆದು ಗೆರೆಗಿಳಿಸಿಕೊಂಡರು; ಆ ಗೆರೆಗಳಿಂದಲೇ ಲೀಡಾ ವರ್ಗ ಬಂತು. ಫ್ರೆಂಚರ ಕಲ್ಪನೆ, ಇಂಗ್ಲಿಷರ ಕಾಗದ, ಮಲಬಾರಿನ ಕಾಡು, ಮುಂಬೈಯ ಬಡಗಿಗಳ ಕೈ ಎಲ್ಲ ಕೂಡಿ ಆದ ಹಡಗು ಇದು. ಆ ಕಾಲದ ನೌಕಾ ಇಲಾಖೆಯ ನಕ್ಷೆಗಳು ಗ್ರೀನಿಚ್‌ನ ರಾಷ್ಟ್ರೀಯ ಸಾಗರ ವಸ್ತುಸಂಗ್ರಹಾಲಯದಲ್ಲಿವೆ. ಬೇಕಾದವರು ಹಣ ಕೊಟ್ಟು ಪ್ರತಿ ತರಿಸಿಕೊಳ್ಳಬಹುದು.

ಈ ನಕ್ಷೆಗಳಲ್ಲಿ ಮಾದರಿಕಾರರಿಗೆ ಸಿಗುವ ದೊಡ್ಡ ಅನುಕೂಲವೆಂದರೆ ಅಳತೆ. ಬ್ರಿಟಿಷ್ ನೌಕಾ ಇಲಾಖೆ ಒಂದು ಅಡಿಯನ್ನು ಕಾಲು ಇಂಚಿನಲ್ಲಿ ಬರೆಯುತ್ತಿತ್ತು. ಅಂದರೆ ನಿಜವಾದ ಹಡಗಿನ ನಲವತ್ತೆಂಟನೇ ಒಂದು ಪಾಲು. ಗಂಭೀರವಾಗಿ ಮಾದರಿ ಮಾಡುವವರು ಇವತ್ತಿಗೂ ಹೆಚ್ಚಾಗಿ ಹಿಡಿಯುವುದು ಇದೇ 1:48 ಪ್ರಮಾಣವನ್ನು. ಹಾಗಾಗಿ ಇನ್ನೂರು ವರ್ಷ ಹಿಂದಿನ ನಕ್ಷೆಯ ಮೇಲೆ ಮರದ ತುಂಡನ್ನು ನೇರವಾಗಿ ಇಟ್ಟು ಗುರುತು ಹಾಕಿಕೊಳ್ಳಬಹುದು, ಲೆಕ್ಕ ಹಾಕುವ ಕೆಲಸವಿಲ್ಲ. ಟ್ರಿಂಕೊಮಲಿಯ ತೋಪುಗಳಿರುವ ಡೆಕ್ಕಿನ ಉದ್ದ ಸುಮಾರು 150 ಅಡಿ. ಮೇಜಿನ ಮೇಲೆ ಅದು 95 ಸೆಂಟಿಮೀಟರ್ ಆಗುತ್ತದೆ. ಮುಂದಕ್ಕೆ ಚಾಚಿದ ಮರವನ್ನೂ ಸೇರಿಸಿದರೆ ಒಂದೂಕಾಲು ಮೀಟರ್ ದಾಟುತ್ತದೆ. ಐದೂವರೆ ಅಡಿ ಎತ್ತರದ ನಾವಿಕ ಮೂರೂವರೆ ಸೆಂಟಿಮೀಟರ್. ಒಂಬತ್ತಡಿ ಉದ್ದದ ತೋಪು ಕಿರುಬೆರಳಿನ ಉದ್ದಕ್ಕೆ ಇಳಿಯುತ್ತದೆ, ಅದರ ಬಾಯಿ ಮೂರು ಮಿಲಿಮೀಟರಿಗಿಂತ ಚಿಕ್ಕದು.

ಸಣ್ಣ ಮನೆಯಲ್ಲಿರುವವರು 1:64 ಅಥವಾ 1:96 ಹಿಡಿಯುವುದುಂಟು. ಹಡಗು ಚಿಕ್ಕದಾದ ಹಾಗೆ ಕೆಲಸ ಕಡಿಮೆಯಾಗುತ್ತದೆ ಎಂದು ಹೊಸಬರು ತಿಳಿಯುತ್ತಾರೆ. ಹಗ್ಗದ ಕೆಲಸಕ್ಕೆ ಬಂದಾಗ ಅದು ತಿರುಗುಮುರುಗಾಗುತ್ತದೆ. ಗಂಟುಗಳ ಸಂಖ್ಯೆ ಅಷ್ಟೇ ಇರುತ್ತದೆ, ಬೆರಳು ಮಾತ್ರ ಚಿಕ್ಕದಾಗುವುದಿಲ್ಲ.

ಹಡಗಿನ ಮಾದರಿ ಇವತ್ತು ಹವ್ಯಾಸಿಗಳ ಕೋಣೆಯಲ್ಲೋ ಹೋಟೆಲಿನ ಸ್ವಾಗತ ಮೇಜಿನ ಮೇಲೋ ಕಾಣುವ ವಸ್ತು. ಆದರೆ ಅದು ಮೊದಲು ಕಚೇರಿಯ ಕಾಗದಪತ್ರದಷ್ಟೇ ಗಂಭೀರವಾದ ದಾಖಲೆಯಾಗಿತ್ತು. 17ನೇ ಶತಮಾನದ ನಡುಭಾಗದಿಂದ ಇಂಗ್ಲೆಂಡಿನ ನೌಕಾ ಮಂಡಳಿಗೆ ಸೇರಿದ ಮಾದರಿಗಳು ಸಿಗುತ್ತವೆ. ‘ನೇವಿ ಬೋರ್ಡ್ ಮಾದರಿ’ ಎಂದೇ ಅವಕ್ಕೆ ಹೆಸರು. ನೀರಿನ ಗೆರೆಯ ಕೆಳಗೆ ಹಲಗೆ ಹೊದಿಸದೆ ಪಕ್ಕೆಲುಬುಗಳನ್ನು ಹಾಗೆಯೇ ತೆರೆದು ಬಿಟ್ಟಿರುವುದು ಅವುಗಳ ಗುರುತು. ಮೇಲುಭಾಗದಲ್ಲಿ ಕೆತ್ತನೆ, ಚಿನ್ನದ ಲೇಪ, ಸಣ್ಣ ಸಣ್ಣ ಕಿಟಕಿ. ಕೆಳಗೆ ಬರಿಯ ಎಲುಬಿನ ಗೂಡು. ಇವನ್ನು ಯಾಕೆ ಮಾಡುತ್ತಿದ್ದರು ಎಂಬುದರಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ನಕ್ಷೆ ಓದಲು ಬಾರದ ರಾಜನಿಗೂ ಮಂತ್ರಿಗಳಿಗೂ ತೋರಿಸಲು ಎನ್ನುವವರಿದ್ದಾರೆ, ಕಟ್ಟಿ ಮುಗಿದ ಹಡಗಿನ ನೆನಪಿಗೆ ಎನ್ನುವವರಿದ್ದಾರೆ. ಎರಡೂ ನಿಜವಿರಬಹುದೆಂದು ನನಗೆ ತೋರುತ್ತದೆ. ಇಂಥ ಮಾದರಿಗಳ ದೊಡ್ಡ ಸಂಗ್ರಹಗಳು ಗ್ರೀನಿಚ್‌ನಲ್ಲೂ ಅಮೆರಿಕದ ಅನಾಪೊಲಿಸ್‌ನ ನೌಕಾ ಅಕಾಡೆಮಿಯಲ್ಲೂ ಇವೆ. ಅನಾಪೊಲಿಸ್‌ನಲ್ಲಿ ನೂರಕ್ಕೂ ಹೆಚ್ಚು ಮಾದರಿಗಳಿವೆ. ಹೆನ್ರಿ ಹಡಲ್‌ಸ್ಟನ್ ರಾಜರ್ಸ್ ಎಂಬ ಶ್ರೀಮಂತ ಕೂಡಿಟ್ಟು, ಸಾಯುವಾಗ ಅಕಾಡೆಮಿಗೆ ಬರೆದುಕೊಟ್ಟದ್ದು. ಹಳೆಯ ಮಾದರಿಗಳ ಒಳಗೆ ವೈದ್ಯರು ಬಳಸುವಂಥ ಎಂಡೊಸ್ಕೋಪ್ ಇಳಿಸಿ ನೋಡಿದವರಿಗೆ, ಹೊರಗಿನಿಂದ ಯಾರ ಕಣ್ಣಿಗೂ ಬೀಳದ ಒಳಕೋಣೆಗಳಲ್ಲೂ ಮುಗಿಸಿದ ಕೆಲಸ ಕಂಡಿದೆ. ನೋಡುವವರಿಗಾಗಿ ಮಾತ್ರ ಮಾಡಿದ್ದರೆ ಆ ಶ್ರಮ ಬೇಕಿರಲಿಲ್ಲ.

ಒಂದು ಮಾದರಿ ಒಂದು ದೇಶದ ನೌಕಾಪಡೆಯ ತೀರ್ಮಾನವನ್ನೇ ತಿರುಗಿಸಿದ ಪ್ರಸಂಗವೂ ಇದೆ. ಬೆಚ್ಚಗಿನ ಸಮುದ್ರಗಳಲ್ಲಿ ಹಡಗಿನ ತಳಕ್ಕೆ ಮರಕೊರಕ ಹುಳುಗಳ ಕಾಟ. ಜೊತೆಗೆ ಪಾಚಿ, ಚಿಪ್ಪುಗಳು ಮೆತ್ತಿಕೊಂಡು ವೇಗ ಕುಂದುತ್ತದೆ. ತಳಕ್ಕೆಲ್ಲ ತಾಮ್ರದ ತಗಡು ಹೊಡೆಯುವುದು ಇದಕ್ಕೆ ಉಪಾಯ, ಆದರೆ ಖರ್ಚು ವಿಪರೀತ. ನೌಕಾ ಇಲಾಖೆಯ ಮುಖ್ಯಸ್ಥರಲ್ಲೊಬ್ಬರಾದ ಚಾರ್ಲ್ಸ್ ಮಿಡಲ್‌ಟನ್ ಇಡೀ ನೌಕಾಪಡೆಗೆ ತಾಮ್ರ ಹೊದಿಸಬೇಕೆಂದು 3ನೇ ಜಾರ್ಜ್ ದೊರೆಯನ್ನು ಒಪ್ಪಿಸುವಾಗ ‘ಬೆಲೋನಾ’ ಎಂಬ 74 ತೋಪುಗಳ ಹಡಗಿನ ಮಾದರಿಯನ್ನು ಮುಂದಿಟ್ಟರೆಂದು ಹೇಳುತ್ತಾರೆ. ಆ ಮಾದರಿ ಈಗ ಗ್ರೀನಿಚ್‌ನಲ್ಲಿದೆ. ತಳದಲ್ಲಿ ಅಂದಿನ ಪುಟ್ಟ ತಾಮ್ರದ ತಗಡುಗಳು ಹಾಗೇ ಇವೆ. ನಿಜವಾದ ತಗಡಿನ ಅಳತೆ ನಾಲ್ಕಡಿಗೆ 14 ಇಂಚು. 1:48ರಲ್ಲಿ ಅದು 25 ಮಿಲಿಮೀಟರಿಗೆ ಏಳೂವರೆ. ಇಂಥವನ್ನು ಸಾವಿರಗಟ್ಟಲೆ ಕತ್ತರಿಸಿ, ಒಂದರ ಅಂಚಿನ ಮೇಲೆ ಇನ್ನೊಂದು ಹಾಯುವಂತೆ ಹಿಂದಿನಿಂದ ಮುಂದಕ್ಕೆ ಅಂಟಿಸುತ್ತ ಬರಬೇಕು. ಯಾವ ಅಂಚು ಮೇಲೆ, ಯಾವುದು ಕೆಳಗೆ ಎಂಬುದೂ ಮುಖ್ಯ, ನೀರು ಹರಿಯುವ ದಿಕ್ಕಿಗೆ ತಗಡಿನ ಅಂಚು ಬಾಯ್ದೆರೆದಿರಬಾರದು.

ಮಾದರಿ ಮಾಡುವ ಕೆಲಸದ ಹೃದಯ ಎಲ್ಲಿದೆ ಎಂದು ಕೇಳಿದರೆ ನಾನು ಹಲಗೆ ಹೊದಿಸುವುದರಲ್ಲಿ ಎನ್ನುತ್ತೇನೆ. ಕೂವೆಮರ, ಹಗ್ಗಗಳೆಲ್ಲ ಆಮೇಲೆ. ಹಡಗಿನ ಮೈಯಲ್ಲಿ ಸಪಾಟಾದ ಜಾಗವೇ ಇಲ್ಲ. ಆದ್ದರಿಂದ ನಕ್ಷೆಯಲ್ಲಿ ಒಂದೇ ಆಕಾರವನ್ನು ಮೂರು ಕಡೆಯಿಂದ ಬರೆದಿರುತ್ತಾರೆ: ಪಕ್ಕದಿಂದ, ಮೇಲಿನಿಂದ, ಮತ್ತು ಎದುರಿನಿಂದ. ಎದುರಿನಿಂದ ಬರೆದದ್ದರಲ್ಲಿ ಬಲಗಡೆ ಮುಂಭಾಗದ ಅರ್ಧ, ಎಡಗಡೆ ಹಿಂಭಾಗದ ಅರ್ಧ. ಒಂದರೊಳಗೊಂದು ಸೇರಿದ ಬಿಲ್ಲುಗಳ ಹಾಗೆ ಕಾಣುವ ಆ ಗೆರೆಗಳೇ ಪಕ್ಕೆಲುಬುಗಳ ಆಕಾರ. ಹೊಸಬರು ಎಡವುವ ಒಂದು ಜಾಗ ಇಲ್ಲಿದೆ: ಆ ಗೆರೆಗಳು ತೋರಿಸುವುದು ಪಕ್ಕೆಲುಬಿನ ಹೊರಮೈಯನ್ನು, ಹಲಗೆಯ ಹೊರಮೈಯನ್ನಲ್ಲ. ಹಲಗೆಯ ದಪ್ಪ ಅದರ ಮೇಲೆ ಕೂಡಬೇಕು.

ಪಕ್ಕೆಲುಬುಗಳನ್ನು ಸಾಲಾಗಿ ಕೀಲಿನ ಮೇಲೆ ನಿಲ್ಲಿಸಿದ ಮೇಲೆ, ಉದ್ದನೆಯ ತೆಳು ಪಟ್ಟಿಗಳನ್ನು ಮುಂದಿನಿಂದ ಹಿಂದಕ್ಕೆ ಬಳಸುತ್ತ ಹೋಗಬೇಕು. ಕೇಳಲು ಸುಲಭ. ಒಂದೇ ಅಗಲದ ಕಾಗದದ ಪಟ್ಟಿಗಳನ್ನು ಮಾವಿನಕಾಯಿಯ ಮೇಲೆ ತೊಟ್ಟಿನಿಂದ ತುದಿಗೆ ಅಂಟಿಸಿ ನೋಡಿ: ನಡುವೆ ಹೊಂದಿಕೊಂಡ ಪಟ್ಟಿಗಳು ತುದಿಯಲ್ಲಿ ಒಂದರ ಮೇಲೊಂದು ಹತ್ತುತ್ತವೆ. ಹಡಗಿನ ಮುಂಭಾಗದಲ್ಲಿ ಆಗುವುದೂ ಇದೇ. ಹಡಗಿನ ನಡುವಿನಲ್ಲಿ ಕೀಲಿನಿಂದ ಮೇಲಂಚಿನವರೆಗೆ ಮೈಯ ಸುತ್ತಳತೆ 180 ಮಿಲಿಮೀಟರ್ ಇದೆ ಎಂದುಕೊಳ್ಳೋಣ, ಮುಂಭಾಗದಲ್ಲಿ 110. ಮೂವತ್ತು ಹಲಗೆ ಕೂರಬೇಕಾದರೆ ಪ್ರತಿಯೊಂದೂ ನಡುವೆ ಆರು ಮಿಲಿಮೀಟರ್ ಇದ್ದು, ಮುಂದಕ್ಕೆ ಹೋಗುತ್ತ ಮೂರೂಮುಕ್ಕಾಲಿಗಿಂತ ಕಡಿಮೆಗೆ ಸಣ್ಣಗಾಗಬೇಕು. ಹಾಗಾಗಿ ಪ್ರತಿ ಪಕ್ಕೆಲುಬಿನ ಮೇಲೂ ಕಾಗದದ ಪಟ್ಟಿ ಸುತ್ತಿ ಅಳೆದು, ಅದನ್ನು ಮೂವತ್ತು ಪಾಲು ಮಾಡಿ, ಗುರುತು ಹಾಕಿಕೊಂಡು, ಪ್ರತಿ ಹಲಗೆಯನ್ನೂ ಆ ಗುರುತಿಗೆ ತಕ್ಕಂತೆ ಉಜ್ಜುಗೊರಡಿನಲ್ಲಿ ಕಿರಿದಾಗಿಸಬೇಕು. ಅಗಲ ಅರ್ಧಕ್ಕಿಂತ ಕಡಿಮೆಯಾಗಬಾರದು. ಆಗುವಂತಿದ್ದರೆ ಎರಡು ಹಲಗೆಗಳನ್ನು ಅಲ್ಲಿ ಒಂದಾಗಿಸಬೇಕು. ಹಿಂಭಾಗದಲ್ಲಿ ಮೈ ಅಗಲವಾಗುವ ಕಡೆ ಬೆಣೆಯಂಥ ಹೆಚ್ಚುವರಿ ತುಂಡು ಸೇರಿಸಬೇಕು.

ಇದು ಮಾದರಿಕಾರರು ಹುಡುಕಿದ ಉಪಾಯವಲ್ಲ, ಹಡಗು ಕಟ್ಟುವ ಬಡಗಿಗಳು ಶತಮಾನಗಳಿಂದ ಮಾಡುತ್ತ ಬಂದದ್ದು. ಮರಕ್ಕೆ ಸುಳ್ಳು ಹೇಳಲು ಬರುವುದಿಲ್ಲ. ಪಟ್ಟಿಯನ್ನು ಒತ್ತಾಯದಿಂದ ಬದಿಗೆ ಬಗ್ಗಿಸಿದರೆ ಅದರ ಒಂದು ಅಂಚು ಮೇಲೆದ್ದು ನಿಲ್ಲುತ್ತದೆ. ನೀರಲ್ಲಿ ನೆನೆಸಿ, ಬಿಸಿ ಕೊಳವೆಗೆ ಒತ್ತಿ, ಮೆಲ್ಲಗೆ ಬಾಗಿಸಿ, ಪಕ್ಕೆಲುಬುಗಳ ಮೇಲೆ ಬಟ್ಟೆ ಕ್ಲಿಪ್ಪಿನಿಂದ ಹಿಡಿದು ಒಂದು ರಾತ್ರಿ ಒಣಗಲು ಬಿಟ್ಟರೆ, ಬೆಳಗ್ಗೆ ಕ್ಲಿಪ್ ತೆಗೆದಾಗ ಪಟ್ಟಿ ತನ್ನ ಆಕಾರದಲ್ಲೇ ಉಳಿದಿರುತ್ತದೆ. ಆಗ ಅಂಟು ಹಚ್ಚಬೇಕು. ಎಡಗಡೆಗೆ ಒಂದು ಹಲಗೆ, ಬಲಗಡೆಗೆ ಒಂದು, ಹೀಗೆ ಎರಡೂ ಕಡೆ ಸಮವಾಗಿ ಏರಬೇಕು. ಒಂದೇ ಕಡೆ ಮುಗಿಸಿಬಿಟ್ಟರೆ ಇಡೀ ಹಡಗು ಆ ಕಡೆಗೆ ಸೊಟ್ಟಗಾಗುತ್ತದೆ. ಸರಿಯಾಗಿ ಕೂತ ಹಲಗೆಗಳ ಅಂಚುಗಳನ್ನು ಮುಂದಿನಿಂದ ಕಣ್ಣು ಹಾಯಿಸಿ ನೋಡಿದರೆ ಗೆರೆಗಳು ಎಲ್ಲೂ ಮುರಿಯದೆ ಹಿಂದಿನವರೆಗೆ ಹರಿಯುತ್ತವೆ. ಈ ಕಾರಣಕ್ಕೇ ನನಗೆ ಬಣ್ಣ ಬಳಿದ ಮಾದರಿಗಿಂತ ಬರಿಮೈಯ ಮಾದರಿ ಇಷ್ಟ. ಬಣ್ಣ ಕೆಟ್ಟ ಕೆಲಸವನ್ನು ಮುಚ್ಚುತ್ತದೆ, ಒಳ್ಳೆಯ ಕೆಲಸವನ್ನೂ ಮುಚ್ಚುತ್ತದೆ.

ಯಾವ ಮರ? ತೇಗದ ಹಡಗಿನ ಮಾದರಿಗೆ ತೇಗವೇ ಬೇಕೆಂದು ಅನಿಸುವುದು ಸಹಜ. ಆದರೆ ತೇಗದ ಎಳೆ ದಪ್ಪ, ರಂಧ್ರಗಳು ಬರಿಗಣ್ಣಿಗೇ ಕಾಣುತ್ತವೆ. ನಲವತ್ತೆಂಟು ಪಟ್ಟು ಕುಗ್ಗಿದ ಹಡಗಿನಲ್ಲಿ ಆ ಎಳೆ ರಾಕ್ಷಸನ ಗಾತ್ರದ್ದಾಗಿ ಕಾಣುತ್ತದೆ. ಮೇಲಾಗಿ ಮರದಲ್ಲಿ ಎಣ್ಣೆಯಂಶ ಇರುವುದರಿಂದ ಅಂಟು ಚೆನ್ನಾಗಿ ಹಿಡಿಯುವುದಿಲ್ಲ. ನಿಜವಾದ ಹಡಗಿಗೆ ವರವಾದದ್ದು ಆ ಎಣ್ಣೆಯೇ. ಇಂಗ್ಲೆಂಡಿನ ಓಕ್ ಮರದಲ್ಲಿ ಒಗರು ಆಮ್ಲವಿದ್ದು ಕಬ್ಬಿಣದ ಬೋಲ್ಟುಗಳನ್ನು ತಿನ್ನುತ್ತದೆ, ತೇಗ ಅವನ್ನು ಕಾಪಾಡುತ್ತದೆ. ಮುಂಬೈಯ ಹಡಗುಗಳು ದೀರ್ಘಾಯುಷಿಗಳಾದದ್ದಕ್ಕೆ ಇದು ಮುಖ್ಯ ಕಾರಣ. ಆ ತೇಗಕ್ಕಾಗಿ ಈಸ್ಟ್ ಇಂಡಿಯಾ ಕಂಪನಿ ಎಷ್ಟು ಹಸಿದಿತ್ತೆಂದರೆ, 1806ರಲ್ಲಿ ಮಲಬಾರಿನ ಕಾಡುಗಳಿಗೆ ಕ್ಯಾಪ್ಟನ್ ವಾಟ್ಸನ್ ಎಂಬ ಅಧಿಕಾರಿಯನ್ನು ಅರಣ್ಯ ಸಂರಕ್ಷಕನಾಗಿ ನೇಮಿಸಿತು. ಇಂಡಿಯಾದಲ್ಲಿ ಆ ಹುದ್ದೆ ಹುಟ್ಟಿದ್ದು ಹಡಗಿನ ಮರಕ್ಕಾಗಿ. ಪಶ್ಚಿಮ ಘಟ್ಟದ ತೇಗದ ಕಥೆ ಹೇಳುವಾಗ ಹಡಗನ್ನು ಬಿಟ್ಟು ಹೇಳಲಾಗುವುದಿಲ್ಲ ಎಂಬುದನ್ನು ನಾವು ಆಗಾಗ ಮರೆಯುತ್ತೇವೆ.

ಮಾದರಿಗೆ ಬೇಕಾದದ್ದು ಎಳೆಯೇ ಕಾಣದಷ್ಟು ನಯವಾದ ಮರ. ಯುರೋಪಿನವರು ಬಾಕ್ಸ್‌ವುಡ್, ಪೇರ್ ಮರ, ಡೆಕ್ಕಿಗೆ ಬಿಳಿಯ ಹಾಲಿ ಬಳಸುತ್ತಾರೆ. ನಮ್ಮಲ್ಲಿ ಅವು ಸಿಗುವುದು ಕಷ್ಟ, ಸಿಕ್ಕರೂ ದುಬಾರಿ. ಆದರೆ ಚನ್ನಪಟ್ಟಣದ ಗೊಂಬೆ ಮಾಡುವವರು ತಲೆಮಾರುಗಳಿಂದ ಕಡೆಯುತ್ತ ಬಂದಿರುವ ಹಾಲೆ ಮರ ಇದೆಯಲ್ಲ, ಬೆಳ್ಳಗೆ, ಸಣ್ಣ ಎಳೆಯ, ದಂತದಂಥ ಮರ, ಅದು ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಡೆಕ್ಕಿನ ಹಲಗೆಗೂ ಕಪ್ಪಿಗಳಿಗೂ ಅದಕ್ಕಿಂತ ಒಳ್ಳೆಯದನ್ನು ದೂರದಿಂದ ತರಿಸಬೇಕಿಲ್ಲ. ಹಳದಿ ಮೈಯ ಅರಿಸಿನ ತೇಗವೂ ಹೆಸರಿಗೆ ತೇಗವಾದರೂ ಎಳೆ ಸಣ್ಣ, ಚೆನ್ನಾಗಿ ಕಡೆಯಬಹುದು. ಮರದ ಪಟ್ಟಿ ಒಂದು ಮಿಲಿಮೀಟರ್ ದಪ್ಪಕ್ಕೆ ಸೀಳಿಸಿಕೊಳ್ಳುವುದೇ ತೊಡಕು. ಸಾಮಿಲ್ಲಿನಲ್ಲಿ ಆ ಅಳತೆ ಕೇಳಿದರೆ ಗರಗಸದ ಹಲ್ಲೇ ಅದಕ್ಕಿಂತ ದಪ್ಪ ಎನ್ನುತ್ತಾರೆ, ಅದು ನಿಜವೂ ಹೌದು. ಚಿಕ್ಕ ಟೇಬಲ್ ಗರಗಸ ಇದ್ದವರಿಗೆ ಈ ಕೆಲಸ ಅರ್ಧ ಮುಗಿದ ಹಾಗೆ.

ಇನ್ನು ಹಗ್ಗ. ಪೋರ್ಟ್ಸ್‌ಮತ್‌ನಲ್ಲಿ ನಿಂತಿರುವ, 1765ರಲ್ಲಿ ನೀರಿಗಿಳಿದ, ಬ್ರಿಟಿಷ್ ನೌಕಾಧಿಪತಿ ನೆಲ್ಸನ್‌ನ ‘ವಿಕ್ಟರಿ’ ಹಡಗಿನಲ್ಲಿ ಸುಮಾರು 42 ಕಿಲೋಮೀಟರ್ ಹಗ್ಗವಿತ್ತು. ನಲವತ್ತೆಂಟು ಪಟ್ಟು ಕುಗ್ಗಿಸಿದರೂ ಮುಕ್ಕಾಲು ಕಿಲೋಮೀಟರಿಗಿಂತ ಹೆಚ್ಚು. ಅಂಗಡಿಯ ಹೊಲಿಗೆ ದಾರ ನೋಡಿದ ಕೂಡಲೇ ದಾರವೆಂದು ಗೊತ್ತಾಗುತ್ತದೆ, ಹಗ್ಗದಂತೆ ಕಾಣುವುದಿಲ್ಲ. ಅದರ ಮೈಮೇಲೆ ಹುರಿಯ ಓರೆಗೆರೆಗಳು ಇಲ್ಲ. ಅದಕ್ಕೆ ಹಗ್ಗವನ್ನೂ ತಾವೇ ಹೊಸೆದುಕೊಳ್ಳುತ್ತಾರೆ. ಎರಡು ಮರದ ನಿಲುವುಗಳು, ಒಂದರಲ್ಲಿ ಒಟ್ಟಿಗೆ ತಿರುಗುವ ಮೂರು ಕೊಕ್ಕೆ, ಎದುರಿನದರಲ್ಲಿ ಒಂದು ಕೊಕ್ಕೆ. ಮೂರು ಎಳೆಗಳನ್ನು ಒಂದು ದಿಕ್ಕಿಗೆ ಬಿಗಿಯಾಗಿ ಹುರಿಗೊಳಿಸಿ, ಮೂರನ್ನೂ ಕೂಡಿಸಿ ಎದುರು ದಿಕ್ಕಿಗೆ ಬಿಟ್ಟರೆ, ಒಂದರ ಬಿಚ್ಚಿಕೊಳ್ಳುವ ಬಲವನ್ನು ಇನ್ನೊಂದು ಹಿಡಿದು ಹಗ್ಗ ತಾನೇ ತಾನಾಗಿ ಗಟ್ಟಿಯಾಗುತ್ತದೆ. ತೆಂಗಿನ ನಾರಿನ ಹಗ್ಗ ಹೊಸೆಯುವುದನ್ನು ಕಂಡ ಕರಾವಳಿಯವರಿಗೆ ಇದನ್ನು ವಿವರಿಸಬೇಕಿಲ್ಲ. ಇಂಗ್ಲೆಂಡಿನ ಚಾಥಮ್‌ನಲ್ಲಿ ಇದೇ ಕೆಲಸಕ್ಕೆ 18ನೇ ಶತಮಾನದ ಕೊನೆಯಲ್ಲಿ ಕಟ್ಟಿದ, ಮುನ್ನೂರು ಮೀಟರಿಗಿಂತ ಉದ್ದದ ಕಟ್ಟಡವಿದೆ. ಅಲ್ಲಿ ಇವತ್ತಿಗೂ ಹಗ್ಗ ತಯಾರಾಗುತ್ತದೆ.

ಸಾಮಾನ್ಯ ಹಗ್ಗ ಬಲತಿರುವು. ಲಂಗರಿನ ದಪ್ಪ ಹಗ್ಗ ಮಾತ್ರ ಮೂರು ಹಗ್ಗಗಳನ್ನು ಕೂಡಿಸಿ ಹೊಸೆದದ್ದು, ಎಡತಿರುವು. ಈ ವ್ಯತ್ಯಾಸ ಮಾದರಿಯಲ್ಲೂ ಕಾಣಬೇಕು. ಹಳೆಯ ಪಟ್ಟಿಗಳಲ್ಲಿ ಹಗ್ಗದ ಅಳತೆಯನ್ನು ಇಂಚುಗಳಲ್ಲಿ ಕೊಟ್ಟಿರುತ್ತಾರೆ. ಅದು ಸುತ್ತಳತೆ, ವ್ಯಾಸವಲ್ಲ. 24 ಇಂಚಿನ ಲಂಗರು ಹಗ್ಗ ಎಂದರೆ ವ್ಯಾಸ 19 ಸೆಂಟಿಮೀಟರ್, ಮಾದರಿಯಲ್ಲಿ ನಾಲ್ಕು ಮಿಲಿಮೀಟರ್. ಇದನ್ನು ಗಮನಿಸದವರ ಹಡಗಿನಲ್ಲಿ ಹಗ್ಗಗಳೆಲ್ಲ ಮೂರು ಪಟ್ಟು ದಪ್ಪವಾಗಿ, ಹಡಗು ಬಲೆಗೆ ಸಿಕ್ಕಿಬಿದ್ದಂತೆ ಕಾಣುತ್ತದೆ. ಕೂವೆಮರ ಹತ್ತಲು ನಾವಿಕರು ಮೆಟ್ಟುವ ಅಡ್ಡಹಗ್ಗಗಳು ಒಂದಕ್ಕೊಂದು ಏಳೆಂಟು ಮಿಲಿಮೀಟರ್ ಅಂತರದಲ್ಲಿ ಬರುತ್ತವೆ, ಪ್ರತಿ ಉದ್ದಹಗ್ಗ ಸೇರುವ ಕಡೆ ಒಂದೊಂದು ಗಂಟು. ಒಂದೇ ಹಡಗಿನಲ್ಲಿ ಇಂಥ ಗಂಟುಗಳು ಸಾವಿರದ ಲೆಕ್ಕದಲ್ಲಿ. ಬೇಸರದ ಕೆಲಸವೆಂದು ಹಲವರು ಹೇಳುತ್ತಾರೆ. ಜೇನುಮೇಣ ಸವರಿದ ದಾರ, ಚಿಮುಟ, ಒಳ್ಳೆಯ ಬೆಳಕು ಇದ್ದರೆ ನನಗಂತೂ ಇದರಷ್ಟು ಮನಸ್ಸು ನಿಲ್ಲಿಸುವ ಕೆಲಸ ಬೇರೆ ಕಂಡಿಲ್ಲ.

ಹಾಯಿಗಳನ್ನು ಬಿಚ್ಚಿ ನಿಲ್ಲಿಸಬೇಕೇ ಎಂಬುದು ಮಾದರಿಕಾರರ ಹಳೆಯ ಜಗಳ. ನಿಜವಾದ ಹಾಯಿ ಎರಡಡಿ ಅಗಲದ ಪಟ್ಟಿಗಳನ್ನು ಹೊಲಿದು ಮಾಡಿದ್ದು; ಆ ಹೊಲಿಗೆ ಮಾದರಿಯಲ್ಲಿ ಹನ್ನೆರಡು ಹದಿಮೂರು ಮಿಲಿಮೀಟರಿಗೊಮ್ಮೆ ಬರಬೇಕು. ಯಾವ ಬಟ್ಟೆ ತಂದರೂ ಅದರ ನೇಯ್ಗೆ ಕಂಬಳಿಯಷ್ಟು ಒರಟಾಗಿ ಕಾಣುತ್ತದೆ. ಅದಕ್ಕೆ ಬಹುಪಾಲು ಹಿರಿಯರು ಹಾಯಿಯನ್ನೇ ಬಿಟ್ಟು, ಬರಿಯ ಕೂವೆಮರ ಮತ್ತು ಹಗ್ಗಗಳನ್ನು ತೋರಿಸುತ್ತಾರೆ. ನನ್ನ ಮತವೂ ಅದೇ.

ಇದಕ್ಕಿಂತ ಕಷ್ಟದ ಪ್ರಶ್ನೆ ಬೇರೆ ಇದೆ: ಯಾವ ದಿನದ ಹಡಗು? ಒಂದು ಹಡಗು ತನ್ನ ಆಯುಷ್ಯದಲ್ಲಿ ಹಲವು ಸಲ ರೂಪ ಬದಲಿಸುತ್ತದೆ. 1817ರ ಟ್ರಿಂಕೊಮಲಿ ಬೇರೆ. 1840ರ ದಶಕದಲ್ಲಿ ಹಿಂಭಾಗವನ್ನು ಹೊಸದಾಗಿ ಕಟ್ಟಿ, ತೋಪುಗಳನ್ನು ಕಡಿಮೆ ಮಾಡಿ ಹೊರಟ ಟ್ರಿಂಕೊಮಲಿ ಬೇರೆ. ಆಮೇಲೆ ಅದು ‘ಫೂಡ್ರಯಾಂಟ್’ ಎಂಬ ಹೆಸರಿನಲ್ಲಿ ಹುಡುಗರಿಗೆ ತರಬೇತಿ ಕೊಡುವ ಹಡಗಾಗಿ ಬಹುಕಾಲ ಇತ್ತು. ವಿಕ್ಟರಿಯದೂ ಹಾಗೆಯೇ: ನೀರಿಗಿಳಿದಾಗ ಹಿಂದೆ ತೆರೆದ ಮೊಗಸಾಲೆಗಳಿದ್ದವು, ಟ್ರಫಾಲ್ಗರ್ ಕಾಳಗದ ಹೊತ್ತಿಗೆ ಅವನ್ನು ಮುಚ್ಚಿಯಾಗಿತ್ತು. ಬಣ್ಣದ ವಿಷಯ ಇನ್ನೂ ಜಟಿಲ. ವಿಕ್ಟರಿಯ ಮೈಮೇಲಿನ ಪದರಪದರ ಬಣ್ಣವನ್ನು ಪರೀಕ್ಷಿಸಿದ ಮೇಲೆ, 2015ರಲ್ಲಿ ಅದಕ್ಕೆ ಮೊದಲಿನ ಗಾಢ ಹಳದಿಯ ಬದಲು ಮಾಸಲು ಗುಲಾಬಿ ಛಾಯೆಯ ತಿಳಿ ಬಣ್ಣ ಬಳಿದರು. ಸ್ಟಾಕ್‌ಹೋಮ್‌ನ ‘ವಾಸಾ’ 1628ರಲ್ಲಿ ತನ್ನ ಮೊದಲ ಪಯಣದಲ್ಲೇ ಮುಳುಗಿ, 1961ರಲ್ಲಿ ಮೇಲೆ ಬಂದ ಹಡಗು. ಅದರ ಹಿಂಭಾಗದ ಕೆತ್ತನೆಗಳಿಗೆ ನೀಲಿ ಹಿನ್ನೆಲೆ ಇತ್ತೆಂದು ಬಹುಕಾಲ ತಿಳಿದಿದ್ದರು. ಮರದಲ್ಲಿ ಉಳಿದ ಬಣ್ಣದ ಕಣಗಳು ಅದು ಕೆಂಪೆಂದು ಹೇಳಿದವು. ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಕಪ್ಪಾದ ನಿಜವಾದ ಹಡಗಿನ ಪಕ್ಕದಲ್ಲೇ ಹತ್ತನೇ ಒಂದು ಪಾಲಿನ ಮಾದರಿ ಕೆಂಪು, ಹಳದಿ, ಹಸಿರುಗಳಲ್ಲಿ ಹೊಳೆಯುತ್ತ ನಿಂತಿದೆ. 1628ರ ಜನ ಕಂಡದ್ದು ಏನೆಂಬುದನ್ನು ನಿಜವಾದ ಹಡಗಿಗಿಂತ ಆ ಮಾದರಿಯೇ ಚೆನ್ನಾಗಿ ಹೇಳುತ್ತದೆ.

ಮರವೇ ಸಿಗದವರು ಮಾಡಿದ ಮಾದರಿಗಳೂ ಇವೆ. ನೆಪೋಲಿಯನ್ ಕಾಲದ ಯುದ್ಧಗಳಲ್ಲಿ ಸಾವಿರಾರು ಫ್ರೆಂಚ್ ಸೈನಿಕರೂ ನಾವಿಕರೂ ಇಂಗ್ಲೆಂಡಿನಲ್ಲಿ ವರ್ಷಗಟ್ಟಲೆ ಸೆರೆಯಲ್ಲಿದ್ದರು. ಪೀಟರ್‌ಬರೋ ಬಳಿಯ ನಾರ್ಮನ್ ಕ್ರಾಸ್ ಇದಕ್ಕೆಂದೇ 1797ರಲ್ಲಿ ತೆರೆದ ಶಿಬಿರ. ಊಟಕ್ಕೆ ಕೊಟ್ಟ ಮಾಂಸದ ಎಲುಬುಗಳನ್ನು ಬೇಯಿಸಿ, ಬಿಳುಚಿಸಿ, ಸೀಳಿ, ಅದರಿಂದಲೇ ಹಲಗೆ, ತೋಪು, ಕೂವೆ ಎಲ್ಲವನ್ನೂ ಮಾಡಿದರು. ಹಗ್ಗಕ್ಕೆ ಕೂದಲು ಬಳಸಿದ್ದೂ ಉಂಟು. ಶಿಬಿರದ ಬಾಗಿಲಲ್ಲಿ ನಡೆಯುತ್ತಿದ್ದ ಸಂತೆಯಲ್ಲಿ ಇವನ್ನು ಮಾರಿ ನಾಲ್ಕು ಕಾಸು ಕಾಣುತ್ತಿದ್ದರು. ಅಳತೆಯಲ್ಲಿ ಈ ಹಡಗುಗಳು ಸರಿಯಿಲ್ಲ. ನಕ್ಷೆಯಿಲ್ಲದೆ ನೆನಪಿನಿಂದ ಮಾಡಿದ್ದು, ಕೂವೆಗಳು ಅತಿ ಎತ್ತರ. ಆದರೂ ಪೀಟರ್‌ಬರೋ ವಸ್ತುಸಂಗ್ರಹಾಲಯದಲ್ಲಿರುವ ಆ ಸೆರೆಯಾಳುಗಳ ಕೆಲಸಕ್ಕೆ ನಾನು ನಿಖರತೆಯ ಅಳತೆಗೋಲು ಹಿಡಿಯಲಾರೆ.

ಟ್ರಿಂಕೊಮಲಿಗೇ ಮರಳುತ್ತೇನೆ, ಯಾಕೆಂದರೆ ನಾನು ಹೇಳಬೇಕೆಂದಿರುವ ಮಾತು ಅಲ್ಲಿದೆ. ವಾಡಿಯಾ ಮನೆತನದ ಲವ್‌ಜಿ ನುಸ್ಸೆರ್‌ವಾನ್‌ಜಿ 18ನೇ ಶತಮಾನದಲ್ಲಿ ಸೂರತ್ತಿನಿಂದ ಮುಂಬೈಗೆ ಬಂದ ಬಡಗಿ. ಅವರ ನಂತರದ ತಲೆಮಾರುಗಳು ಕಟ್ಟಿದ ‘ಕಾರ್ನ್‌ವಾಲಿಸ್’ ಹಡಗಿನ ಮೇಲೆ 1842ರಲ್ಲಿ ಚೀನಾದೊಡನೆ ನಾನ್‌ಕಿಂಗ್ ಒಪ್ಪಂದಕ್ಕೆ ಸಹಿ ಬಿತ್ತು, ‘ಏಷ್ಯಾ’ 1827ರಲ್ಲಿ ನವರೀನೊ ಕಾಳಗದ ಮುಂದಾಳು ಹಡಗಾಗಿತ್ತು. ಇಷ್ಟು ದೊಡ್ಡ ಕೆಲಸ ಮಾಡಿದ ಬಡಗಿಗಳು ಹೇಗೆ ಕೆಲಸ ಮಾಡಿದರೆಂಬುದು ಲಂಡನ್ನಿನಿಂದ ಬಂದ ನಕ್ಷೆಯಲ್ಲಿ ಇಲ್ಲ. ನಕ್ಷೆ ಹೊರಗಿನ ಆಕಾರ ಹೇಳುತ್ತದೆ, ಬೆಸುಗೆ ಹೇಳುವುದಿಲ್ಲ. ಸೂರತ್ತಿನ ಹಡಗುಗಳಲ್ಲಿ ಹಲಗೆಯ ಅಂಚುಗಳನ್ನು ಒಂದರೊಳಗೊಂದು ಕೂರುವಂತೆ ಕೊರೆದು, ನಡುವೆ ಹತ್ತಿ ಮತ್ತು ರಾಳ ಇಟ್ಟು ಸೇರಿಸುತ್ತಿದ್ದರೆಂದು ಆ ಕಾಲದ ಪ್ರವಾಸಿಗರು ಬೆರಗಿನಿಂದ ಬರೆದಿದ್ದಾರೆ. ಆ ಕುಶಲತೆಯಲ್ಲಿ ಎಷ್ಟು ಭಾಗ ಮುಂಬೈಯ ಫ್ರಿಗೇಟಿನಲ್ಲಿ ಉಳಿಯಿತು? ಮಾದರಿ ಕಟ್ಟಲು ಕುಳಿತವನಿಗೆ ಈ ಪ್ರಶ್ನೆ ತಪ್ಪಿಸಿಕೊಳ್ಳಲಾಗದ್ದು, ಯಾಕೆಂದರೆ ಮುಂದಿನ ಹಲಗೆಯನ್ನು ಅಂಟಿಸುವ ಮೊದಲು ಉತ್ತರ ಬೇಕು. ಪುಸ್ತಕ ಓದುವವನು ಪುಟ ತಿರುಗಿಸಿ ಮುಂದೆ ಹೋಗಬಹುದು. ಈ ಮೌನವಾಗಿಹೋದ ಕುಶಲಿಗಳ ಕೆಲಸವನ್ನು ಅವರ ಕ್ರಮದಲ್ಲೇ, ಅವರು ಎದುರಿಸಿದ ತೊಡಕುಗಳ ಮುಖಾಂತರವೇ ತಿಳಿಯಲು ನಮಗಿರುವ ಅತ್ಯುತ್ತಮ ದಾರಿ ಮಾದರಿ. ಟ್ರಿಂಕೊಮಲಿಯ ಮೂತಿಯಲ್ಲಿ ರುಮಾಲು ಸುತ್ತಿದ ಗಂಡಸಿನ ಅರ್ಧಶಿಲ್ಪವಿದೆ. ಅದನ್ನು ಎರಡು ಸೆಂಟಿಮೀಟರಿನಲ್ಲಿ ಕೆತ್ತಲು ಸಾಗರ, ಸೊರಬದ ಗುಡಿಗಾರರಿಗಿಂತ ತಕ್ಕ ಕೈ ಎಲ್ಲಿದೆ?

ಶುರು ಮಾಡುವವರು ಮಾತ್ರ ದಯವಿಟ್ಟು ಫ್ರಿಗೇಟಿನಿಂದ ಶುರು ಮಾಡಬಾರದು, ವಿಕ್ಟರಿಯಿಂದಂತೂ ಬೇಡವೇ ಬೇಡ. ಇಟಲಿ, ಸ್ಪೇನ್ ಕಂಪನಿಗಳ ಕಿಟ್ ಡಬ್ಬಿಯ ಮೇಲಿನ ಚಿತ್ರ ನೋಡಿ ನೂರು ತೋಪಿನ ಹಡಗು ತರಿಸಿದವರ ಮನೆಯಲ್ಲಿ ಅರ್ಧ ಹಲಗೆ ಹೊದಿಸಿದ ಒಡಲುಗಳು ಅಟ್ಟ ಸೇರಿವೆ. ಹಡಗಿನ ಜೊತೆಗಿರುವ ದೋಣಿ, ಒಂದೇ ಕೂವೆಯ ಲಾಂಗ್‌ಬೋಟ್ ಸಾಕು. ಕೀಲ್, ಪಕ್ಕೆಲುಬು, ಹಲಗೆಯ ಓರೆ, ಹಗ್ಗದ ಗಂಟು ಎಲ್ಲ ಪಾಠವೂ ಅದರಲ್ಲಿದೆ, ಮತ್ತು ಅದು ಮುಗಿಯುತ್ತದೆ. ಒಂದು ಚಿಕ್ಕ ಉಜ್ಜುಗೊರಡು, ಹರಿತವಾದ ಚಾಕು, ಅರ, ಉಪ್ಪುಕಾಗದ, ಸಾಮಾನ್ಯ ಬಿಳಿ ಅಂಟು ಇದ್ದರೆ ಸಾಕು.

ನಕ್ಷೆಯೇ ಇಲ್ಲದ ಹಡಗನ್ನು ಏನು ಮಾಡುವುದು ಎಂಬುದಕ್ಕೆ ಇತ್ತೀಚೆಗೆ ನಮ್ಮ ಕಾರವಾರದಲ್ಲೇ ಒಂದು ಉತ್ತರ ಕಂಡಿತು. 2025ರ ಮೇ 21ರಂದು ಅಲ್ಲಿನ ನೌಕಾನೆಲೆಯಲ್ಲಿ ‘ಕೌಂಡಿನ್ಯ’ ಎಂಬ ಹಡಗು ಭಾರತೀಯ ನೌಕಾಪಡೆಗೆ ಸೇರಿತು. ಇದು ಮೊಳೆ ಹೊಡೆದದ್ದಲ್ಲ. ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ರಾಳ ಹಚ್ಚಿದ್ದು. ಆಧಾರ ಅಜಂತಾ ಗುಹೆಯ ಒಂದು ಚಿತ್ರ, 5ನೇ ಶತಮಾನದ್ದು. ಚಿತ್ರದಲ್ಲಿ ಹಡಗಿನ ಪಕ್ಕ ಕಾಣುತ್ತದೆ, ಅಷ್ಟೇ. ಮೇಲಿನಿಂದ, ಎದುರಿನಿಂದ ಹೇಗಿತ್ತೆಂದು ಹೇಳುವ ಗೆರೆ ಒಂದೂ ಇಲ್ಲ. ಕೇರಳದ ಬಾಬು ಶಂಕರನ್ ನೇತೃತ್ವದ ಕುಶಲಿಗಳು ಗೋವಾದಲ್ಲಿ ಅದನ್ನು ಕಟ್ಟಿದರು. ಆಕಾರ ನೀರಿನಲ್ಲಿ ಹೇಗೆ ನಡೆದುಕೊಳ್ಳುತ್ತದೆಂದು ಮದ್ರಾಸಿನ ಐಐಟಿಯ ಸಾಗರ ಎಂಜಿನಿಯರಿಂಗ್ ವಿಭಾಗ ಮಾದರಿಯ ಮೂಲಕ ಪರೀಕ್ಷಿಸಿತು. ಹಾಯಿಯ ಮೇಲೆ ಗಂಡಭೇರುಂಡವಿದೆ.

ಹಡಗಿನ ಉದ್ದ ಸುಮಾರು 20 ಮೀಟರ್. 1:48ರಲ್ಲಿ ಒಂದೂವರೆ ಅಡಿಯೂ ಆಗದು, ಯಾವ ಮನೆಯ ಕಪಾಟಿನಲ್ಲೂ ಕೂರುತ್ತದೆ. ತೊಡಕು ಹೊಲಿಗೆಯದು. ನಿಜವಾದ ಹಡಗಿನ ಹಲಗೆಯಂಚಿನ ಪ್ರತಿ ತೂತನ್ನೂ ಮಾದರಿಯಲ್ಲಿ ಅರ್ಧ ಮಿಲಿಮೀಟರಿಗಿಂತ ಸಣ್ಣ ಡ್ರಿಲ್ಲಿನಿಂದ ಕೊರೆಯಬೇಕು, ಹಲಗೆ ಸೀಳದಂತೆ. ನಾರಿನ ಹಗ್ಗದ ಬದಲಿಗೆ ಯಾವ ದಾರ? ಹತ್ತಿಯ ದಾರದ ಮೈತುಂಬ ಜುಂಗು, ರೇಷ್ಮೆಗೆ ಹೊಳಪು ಹೆಚ್ಚು. ರೇಷ್ಮೆಯನ್ನೇ ಚಹಾದ ಕಷಾಯದಲ್ಲಿ ಬಣ್ಣಗೆಡಿಸಿ, ಮೇಣ ಸವರಿ ನೋಡಬಹುದು. 1:24ಕ್ಕೆ ಹೋದರೆ ತೂತು ಇನ್ನಷ್ಟು ದೊಡ್ಡದಾಗಿ ಕೆಲಸ ಹಗುರಾಗುತ್ತದೆ, ಉದ್ದ ಮೂರಡಿಯೊಳಗೇ ಇರುತ್ತದೆ. ಮೊದಲು ನಾಲ್ಕು ಹಲಗೆಯ ಒಂದು ತುಂಡನ್ನು ಹೊಲಿದು, ನೀರಲ್ಲಿ ಅದ್ದಿ, ದಾರ ಬಿಗಿಯುತ್ತದೋ ಸಡಿಲವಾಗುತ್ತದೋ ನೋಡಿಕೊಂಡು ಆಮೇಲೆ ಕೀಲಿಗೆ ಕೈ ಹಾಕುವುದು ಒಳ್ಳೆಯದು.